ಪಿಎಚ್‌ಡಿ ಮುಗಿದ ಮೇಲಿನ ಹುದ್ದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪೋಸ್ಟ್‌ಡಾಕ್ ಹುದ್ದೆಯನ್ನು, ಅಂದರೆ ಪಿಎಚ್‌ಡಿಯ ಬಳಿಕ ಕೆಲವು ವರ್ಷದ ಮಟ್ಟಿಗೆ ಸಂಬಳಕ್ಕೆ ಮಾಡುವ ಸಂಶೋಧನಾ ಕೆಲಸವನ್ನು ಕುರಿತವು. ಬರೆದವರಲ್ಲಿ ಪಿಎಚ್‌ಡಿ ಮುಗಿಸಿದವರಿದ್ದಾರೆ, ಮುಗಿಸುವ ಹಂತದಲ್ಲಿರುವವರಿದ್ದಾರೆ, ಅವರ ಮನೆಯವರೂ ಇದ್ದಾರೆ. ಸ್ಟೇಟ್‌ಬ್ಯಾಂಕ್‌ನಲ್ಲಿ ಕೊಣಾಜೆಯ ಬಸ್ಸು ಹತ್ತಿದರೆ ತೊಕ್ಕೊಟ್ಟು ದಾಟಿ ದೇರಳಕಟ್ಟೆಯಲ್ಲಿ ನಿಟ್ಟೆ ಮತ್ತು ಯೆನೆಪೋಯ, ಮುಂದೆ 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯ. ಉತ್ತರಕ್ಕೆ ಹೊರಟರೆ ಸುರತ್ಕಲ್ಲಿನ ಎನ್‌ಐಟಿಕೆ, ಅದರಾಚೆ ಮಣಿಪಾಲ. ಇಷ್ಟು ವಿಶ್ವವಿದ್ಯಾಲಯಗಳು ಕೂಗಳತೆಯಲ್ಲಿದ್ದರೂ ಪಿಎಚ್‌ಡಿಯ ಮರುದಿನ ಏನು ಮಾಡಬೇಕೆಂದು ಕೂತು ಹೇಳುವವರು ಸಿಗುವುದಿಲ್ಲವೆಂದು ಹಲವರು ಬರೆದಿದ್ದಾರೆ. ಆ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕೇಳಿದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿ ಆವರಣದಲ್ಲಿ ಪಿಎಚ್‌ಡಿ ಮುಗಿಸಿದ್ದೇನೆ. ನೇತ್ರಾವತಿ–ಗುರುಪುರ ಅಳಿವೆಯ ಮರುವಾಯಿ ಎಂಬ ಚಿಪ್ಪುಜೀವಿಗಳಲ್ಲಿ ಸೇರಿಕೊಳ್ಳುವ ಭಾರಲೋಹಗಳು ನನ್ನ ವಿಷಯ. ವೈವಾ (ಕೊನೆಯ ಮೌಖಿಕ ಪರೀಕ್ಷೆ) ಆಗಿ ಏಳು ತಿಂಗಳಾಯಿತು, ವಯಸ್ಸು 31. ದಿನವೂ ಪತ್ರಿಕೆ, ವೆಬ್‌ಸೈಟ್ ನೋಡುತ್ತಿದ್ದೇನೆ. ಪೋಸ್ಟ್‌ಡಾಕ್ ನೋಟಿಫಿಕೇಶನ್ ಯಾವಾಗ ಬರುತ್ತದೆ, ಎಲ್ಲಿ ಬರುತ್ತದೆ? (ಓದುಗರು, ಕೊಣಾಜೆ)

ಉತ್ತರ: ನಿಮ್ಮ ಪತ್ರದ ಪೂರ್ಣಪಾಠದಲ್ಲಿ ‘ನೋಟಿಫಿಕೇಶನ್’ ಎಂಬ ಪದ ಐದು ಸಲ ಬಂದಿದೆ. ಉದ್ಯೋಗವೆಂದರೆ ಅಧಿಸೂಚನೆ, ಅರ್ಜಿ, ಪರೀಕ್ಷೆ, ಆಯ್ಕೆಪಟ್ಟಿ ಎಂಬ ಕ್ರಮ ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಆ ದಾರಿಯಲ್ಲಿ ಬಾರದ ಕೆಲಸ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಪೋಸ್ಟ್‌ಡಾಕ್ ಬಹುಪಾಲು ಆ ದಾರಿಯಲ್ಲಿ ಬರುವುದಿಲ್ಲ. ಒಬ್ಬ ಪ್ರಾಧ್ಯಾಪಕರಿಗೆ ಒಂದು ಯೋಜನೆ ಮಂಜೂರಾಗುತ್ತದೆ. ಅದರಲ್ಲಿ ಒಬ್ಬರಿಗೆ ಎರಡು ಮೂರು ವರ್ಷ ಸಂಬಳ ಕೊಡುವಷ್ಟು ಹಣವಿರುತ್ತದೆ. ಈ ಕೆಲಸ ಬಲ್ಲವರು ಯಾರಿದ್ದಾರೆ ಎಂದು ಅವರು ತಮಗೆ ಗೊತ್ತಿರುವವರಲ್ಲಿ ವಿಚಾರಿಸುತ್ತಾರೆ. ಜಾಹೀರಾತು ಹೊರಬೀಳುವ ಹೊತ್ತಿಗೆ ಅವರ ಬಳಿ ನಾಲ್ಕಾರು ಪತ್ರಗಳು ಆಗಲೇ ಬಂದಿರುತ್ತವೆ. ಅವುಗಳಲ್ಲಿ ನಿಮ್ಮದೂ ಒಂದು ಇರಬೇಕು. ಏಳು ತಿಂಗಳು ಕಾದಿರಿ ಎಂದು ನಿಮ್ಮನ್ನು ದೂರುವುದಿಲ್ಲ, ಆದರೆ ಇನ್ನು ಒಂದು ವಾರವೂ ಕಾಯಬೇಡಿ.

ಈ ಹುದ್ದೆಗಳಲ್ಲಿ ಎರಡು ಬಗೆ ಇವೆ. ಮೊದಲನೆಯದು, ಪ್ರಾಧ್ಯಾಪಕರ ಯೋಜನೆಯ ಹಣದಲ್ಲಿ ಆಗುವ ನೇಮಕ. ನಮ್ಮ ದೇಶದಲ್ಲಿ ಇದಕ್ಕೆ ರಿಸರ್ಚ್ ಅಸೋಸಿಯೇಟ್ ಎಂದು ಹೆಸರು, ಮಾತಿನಲ್ಲಿ ಎಲ್ಲರೂ ಆರ್‌ಎ ಎನ್ನುತ್ತಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2023ರಲ್ಲಿ ಪರಿಷ್ಕರಿಸಿದ ದರದಂತೆ ಆರ್‌ಎ ಒಂದನೆಯ ಹಂತಕ್ಕೆ ತಿಂಗಳಿಗೆ 58,000 ರೂಪಾಯಿ, ಎರಡನೆಯದಕ್ಕೆ 61,000, ಮೂರನೆಯದಕ್ಕೆ 67,000. ಇದರ ಮೇಲೆ ಮನೆಬಾಡಿಗೆ ಭತ್ಯೆ ಇರುತ್ತದೆ. ಭತ್ಯೆಯು ಊರಿನ ವರ್ಗವನ್ನು ನೋಡಿ ಕೊಡುವಂಥದ್ದು. ಮಂಗಳೂರು ‘ವೈ’ ವರ್ಗದಲ್ಲಿಯೂ ಉಡುಪಿ ‘ಜೆಡ್’ ವರ್ಗದಲ್ಲಿಯೂ ಇರುವುದರಿಂದ ಒಂದೇ ಹುದ್ದೆಗೆ ಎರಡು ಊರುಗಳಲ್ಲಿ ಕೈಗೆ ಬರುವ ಹಣ ಬೇರೆಯಾಗುತ್ತದೆ. ಎರಡನೆಯ ಬಗೆ, ನೀವೇ ಸ್ಪರ್ಧಿಸಿ ಗೆಲ್ಲುವ ಫೆಲೋಶಿಪ್. ಹಿಂದೆ ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ಕೊಡುತ್ತಿದ್ದ ನ್ಯಾಷನಲ್ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಅನ್ನು ಈಗ 2023ರ ಕಾಯ್ದೆಯಡಿ ಬಂದ ಅನುಸಂಧಾನ ನ್ಯಾಷನಲ್ ರಿಸರ್ಚ್ ಫೌಂಡೇಶನ್ ನಡೆಸುತ್ತದೆ. ಅವಧಿ ಎರಡು ವರ್ಷ, ಜೀವಮಾನದಲ್ಲಿ ಒಂದೇ ಬಾರಿ ಸಿಗುವಂಥದ್ದು. ಫೆಲೋಶಿಪ್ ಹಣ ನಿಮ್ಮ ಹೆಸರಿಗೇ ಮಂಜೂರಾಗುವುದರಿಂದ ಯಾವ ಪ್ರಯೋಗಾಲಯವಾದರೂ ನಿಮ್ಮನ್ನು ಸಂತೋಷದಿಂದ ಸೇರಿಸಿಕೊಳ್ಳುತ್ತದೆ. ಆದರೆ ಅರ್ಜಿ ಹಾಕುವಾಗಲೇ ಒಬ್ಬ ಮೆಂಟರ್, ಅಂದರೆ ಮಾರ್ಗದರ್ಶಕ ಪ್ರಾಧ್ಯಾಪಕರು, ಒಪ್ಪಿಗೆ ಕೊಟ್ಟಿರಬೇಕು. ಹಾಗಾಗಿ ಯಾವ ಬಗೆಯನ್ನು ಹಿಡಿದರೂ ಮೊದಲ ಹೆಜ್ಜೆ ಒಬ್ಬ ಪ್ರಾಧ್ಯಾಪಕರಿಗೆ ಪತ್ರ ಬರೆಯುವುದೇ.

ನಿಮ್ಮ ವಯಸ್ಸನ್ನು ನೋಡಿ ನನಗೆ ಸ್ವಲ್ಪ ಆತಂಕವಾಯಿತು. ಇನ್‌ಸ್ಪೈರ್ ಫ್ಯಾಕಲ್ಟಿ ಎಂಬ ಯೋಜನೆ ಐದು ವರ್ಷಗಳದ್ದು. ತಿಂಗಳಿಗೆ 1,25,000 ರೂಪಾಯಿ, ಅದರ ಜತೆಗೆ ಸಂಶೋಧನೆಗೆ ವರ್ಷಕ್ಕೆ 7 ಲಕ್ಷ ರೂಪಾಯಿ ಕೊಡುವ, ನಮ್ಮ ದೇಶದಲ್ಲಿ ಯುವ ಸಂಶೋಧಕರಿಗೆ ಸಿಗಬಹುದಾದ ಅತ್ಯುತ್ತಮ ಅವಕಾಶಗಳಲ್ಲಿ ಒಂದು. ಅದರ ವಯೋಮಿತಿ 32. ಪರಿಶಿಷ್ಟ ಜಾತಿ, ಪಂಗಡದವರಿಗೆ ಹಾಗೂ ಮಹಿಳೆಯರಿಗೆ 37, ಅಂಗವಿಕಲರಿಗೆ 42. ನ್ಯಾಷನಲ್ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ನ ಮಿತಿ 35. ಅದರಲ್ಲಿ ಹಿಂದುಳಿದ ವರ್ಗದವರಿಗೂ ಐದು ವರ್ಷದ ಸಡಿಲಿಕೆ ಇದೆ. ನೀವು ಯಾವ ವರ್ಗಕ್ಕೆ ಸೇರಿದವರೆಂದು ಬರೆದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನಿಮ್ಮ ಹುಟ್ಟುಹಬ್ಬದ ಪಕ್ಕ ಈ ಅಂಕಿಗಳನ್ನು ಬರೆದಿಡಿ. ಪ್ರತಿಭೆಯಿದ್ದೂ ಬರೀ ದಿನಾಂಕ ತಪ್ಪಿ ಅವಕಾಶ ಕಳೆದುಕೊಂಡ ಹುಡುಗರನ್ನು, ಹುಡುಗಿಯರನ್ನು ನಾನು ಬಹಳ ನೋಡಿದ್ದೇನೆ. ಅದು ನೋಡಲಾಗದ ಸಂಕಟ.

ಇನ್ನು ಪತ್ರದ ಮಾತು. ನೀವು ಕಳುಹಿಸಿದ ಮಾದರಿ ಪತ್ರವನ್ನು ಓದಿದೆ. ಅದು ‘ನಿಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ ಕೆಲಸ ಮಾಡಲು ನನಗೆ ಅತೀವ ಆಸಕ್ತಿಯಿದೆ’ ಎಂದು ಆರಂಭವಾಗುತ್ತದೆ, ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಗಳನ್ನೂ ಹೇಳುತ್ತದೆ, ಆದರೆ ಮರುವಾಯಿ ಎಂಬ ಮಾತು ಬರುವುದು ಎರಡನೆಯ ಪುಟದಲ್ಲಿ. ಈ ಪತ್ರವನ್ನು ಯಾವ ಪ್ರಾಧ್ಯಾಪಕರಿಗಾದರೂ ಕಳುಹಿಸಬಹುದು, ಆದ್ದರಿಂದಲೇ ಯಾರೂ ಉತ್ತರಿಸುವುದಿಲ್ಲ. ಪತ್ರ ಇಂಗ್ಲಿಷಿನಲ್ಲೇ ಹೋಗಬೇಕು, ಅದರ ತಿರುಳನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ: ‘ನಾನು ಭಾರತದ ಪಶ್ಚಿಮ ಕರಾವಳಿಯ ಒಂದು ಅಳಿವೆಯಲ್ಲಿ ಎರಡು ವರ್ಷ ಪ್ರತಿ ತಿಂಗಳು ಮರುವಾಯಿ ಸಂಗ್ರಹಿಸಿ, ಮಳೆಗಾಲದ ಮೊದಲು ಮತ್ತು ಅನಂತರ ಅವುಗಳಲ್ಲಿನ ಕ್ಯಾಡ್ಮಿಯಂ, ಸೀಸದ ಪ್ರಮಾಣ ಹೇಗೆ ಬದಲಾಗುತ್ತದೆಂದು ಅಳೆದಿದ್ದೇನೆ. ನಿಮ್ಮ ಇತ್ತೀಚಿನ ಪೇಪರಿನಲ್ಲಿ ಲವಣಾಂಶ ಇಳಿದಾಗ ಚಿಪ್ಪುಜೀವಿಗಳು ಲೋಹವನ್ನು ಹೀರುವ ವೇಗ ಬದಲಾಗುತ್ತದೆ ಎಂದಿದ್ದೀರಿ; ಜೂನ್ ತಿಂಗಳಲ್ಲಿ ನದಿಯ ನೀರು ನುಗ್ಗುವ ನಮ್ಮ ಅಳಿವೆಯ ಮಾಹಿತಿಯಿಂದ ಅದನ್ನು ಪರೀಕ್ಷಿಸಬಹುದು. ಮಾದರಿ ಸಂಗ್ರಹ, ಆಸಿಡ್ ಡೈಜೆಶನ್, ಐಸಿಪಿ-ಎಂಎಸ್ ಇವನ್ನು ನಾನು ಸ್ವತಂತ್ರವಾಗಿ ಮಾಡಬಲ್ಲೆ. ಫೆಲೋಶಿಪ್ ಅರ್ಜಿಗೆ ನೀವು ಮೆಂಟರ್ ಆಗಲು ಒಪ್ಪುವಿರಾ, ಅಥವಾ ನಿಮ್ಮ ಯೋಜನೆಯಲ್ಲಿ ಸ್ಥಾನವಿದೆಯೇ?’ ಇಷ್ಟೇ ಸಾಕು. ಸಿವಿ ಮತ್ತು ನಿಮ್ಮ ಒಳ್ಳೆಯ ಒಂದು ಪೇಪರ್ ಲಗತ್ತಿಸಿ. ಇದರಲ್ಲಿ ಹೊಗಳಿಕೆಯ ಒಂದು ಮಾತೂ ಇಲ್ಲ, ಆದರೂ ಓದಿದವರಿಗೆ ‘ಇವನು ನನ್ನ ಪೇಪರ್ ಓದಿದ್ದಾನೆ, ಕೆಸರಿಗೆ ಇಳಿದು ಕೆಲಸ ಮಾಡಿದ್ದಾನೆ’ ಎಂದು ಗೊತ್ತಾಗುತ್ತದೆ.

ಇಂಥ ಒಂದು ಪತ್ರ ಬರೆಯಲು ಎರಡು ದಿನ ಬೇಕು, ಏಕೆಂದರೆ ಅವರ ಮೂರು ನಾಲ್ಕು ಪೇಪರುಗಳನ್ನು ನಿಜಕ್ಕೂ ಓದಬೇಕಾಗುತ್ತದೆ. ಅರುವತ್ತು ಜನರಿಗೆ ಒಂದೇ ಪತ್ರ ಕಳುಹಿಸುವ ಬದಲು ಹತ್ತು ಜನರಿಗೆ ಹತ್ತು ಪತ್ರ ಬರೆಯಿರಿ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ಎರಡು ಸಾಲಿನಲ್ಲಿ ನೆನಪಿಸಿ. ಆಮೇಲೂ ಬಾರದಿದ್ದರೆ ಮುಂದಿನವರಿಗೆ ಹೋಗಿ. ಉತ್ತರ ಬಾರದ್ದನ್ನು ಅವಮಾನವೆಂದು ಎಣಿಸಬೇಡಿ. ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಏರ್‌ಮೇಲ್ ಪತ್ರಗಳನ್ನು ಹಾಕಿ ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾದ ಕಾಲ ನನ್ನದು. ಆಗಲೂ ಹತ್ತಕ್ಕೆ ಎರಡು ಉತ್ತರ ಬಂದರೆ ದೊಡ್ಡದು.

ಯಾರಿಗೆ ಬರೆಯಬೇಕೆಂದರೆ, ನಿಮ್ಮ ಪ್ರಬಂಧದ ಕೊನೆಯಲ್ಲಿರುವ ಆಕರಪಟ್ಟಿಯಿಂದ ತೊಡಗಿ. ನೀವು ಮತ್ತೆ ಮತ್ತೆ ಉಲ್ಲೇಖಿಸಿದ ಹೆಸರುಗಳೇ ನಿಮ್ಮ ಮೊದಲ ವಿಳಾಸಗಳು. ನಿಮ್ಮ ವಿಷಯಕ್ಕೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿದ್ದು ಮಂಗಳೂರಿನಲ್ಲೂ ಶಾಖೆಯಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ನಮ್ಮ ಮೀನುಗಾರಿಕಾ ಕಾಲೇಜು, ಹೊರದೇಶದಲ್ಲಿ ಜರ್ಮನಿಯ ಕೀಲ್ ನಗರದ ಗೆಯೊಮಾರ್ ಮುಂತಾದುವು ಹತ್ತಿರವಾದವು. ಜಾಹೀರಾತುಗಳನ್ನು ನೋಡುವುದನ್ನು ಪೂರ್ತಿ ಬಿಡಬೇಕಾಗಿಲ್ಲ. ಯುರೋಪಿನ ಹುದ್ದೆಗಳಿಗೆ ಯುರಾಕ್ಸೆಸ್ ಎಂಬ ಜಾಲತಾಣವನ್ನೂ ಇಲ್ಲಿನವಕ್ಕೆ ಆಯಾ ಸಂಸ್ಥೆಯ ನೇಮಕಾತಿ ಪುಟವನ್ನೂ ವಾರಕ್ಕೊಮ್ಮೆ ನೋಡಿದರೆ ಸಾಕು.

ಹುದ್ದೆ ಸಿಕ್ಕಿತೆಂದಾಗ ಕೇಳಬೇಕಾದ ಒಂದು ಪ್ರಶ್ನೆಯನ್ನು ನನ್ನ ಅನುಭವದಿಂದ ಹೇಳುತ್ತೇನೆ. ನಾನು ಮೊದಲ ಸಲ ಆರ್‌ಎ ಆಗಿ ಸೇರಿದಾಗ ಯೋಜನೆ ಮೂರು ವರ್ಷದ್ದು ಎಂದಷ್ಟೇ ಕೇಳಿ ತಿಳಿದಿದ್ದೆ. ಊರು ಬಿಟ್ಟು, ಮುಂಗಡ ಕೊಟ್ಟು ಬಾಡಿಗೆ ಮನೆ ಹಿಡಿದ ಮೇಲೆ ತಿಳಿಯಿತು: ಆ ಮೂರು ವರ್ಷಗಳಲ್ಲಿ ಎರಡು ವರ್ಷ ಐದು ತಿಂಗಳು ಆಗಲೇ ಕಳೆದಿತ್ತು, ನನಗೆ ಉಳಿದದ್ದು ಏಳೇ ತಿಂಗಳು. ಯಾರೂ ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಆದುದರಿಂದ ಮಂಜೂರಾತಿ ಆದೇಶದ ಪ್ರಕಾರ ಯೋಜನೆ ಮುಗಿಯುವ ದಿನಾಂಕ ಯಾವುದು, ವಿಸ್ತರಣೆಯ ಸಾಧ್ಯತೆಯಿದೆಯೇ, ಹಣ ಎಷ್ಟು ಕಂತುಗಳಲ್ಲಿ ಬರುತ್ತದೆ ಎಂಬುದನ್ನು ಸೇರುವ ಮೊದಲೇ ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಿ. ಹಿಂದಿನ ಕಂತಿನ ಹಣಬಳಕೆ ಪ್ರಮಾಣಪತ್ರ ಹೋಗುವವರೆಗೆ ಮುಂದಿನ ಕಂತು ಬಿಡುಗಡೆಯಾಗುವುದಿಲ್ಲ. ಈ ನಡುವೆ ಕೆಲವು ತಿಂಗಳು ಸಂಬಳ ನಿಲ್ಲುವುದುಂಟು. ನಾಲ್ಕೈದು ತಿಂಗಳ ಖರ್ಚಿಗೆ ಬೇಕಾದ ಹಣವನ್ನು ಕೈಯಲ್ಲಿಟ್ಟುಕೊಂಡೇ ಹೊರಡುವುದು ಕ್ಷೇಮ.

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕ. ಮಗಳು ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮುಗಿಸಿ ಒಂದೂವರೆ ವರ್ಷವಾಯಿತು. ಈಗ ಪೋಸ್ಟ್‌ಡಾಕ್ ಎಂದು ಮತ್ತೆ ಎರಡು ವರ್ಷ ಸ್ವೀಡನ್ನಿಗೆ ಹೋಗುತ್ತೇನೆ ಎನ್ನುತ್ತಾಳೆ. ಇನ್ನೆಷ್ಟು ಓದುವುದು? ಬಂದ ಮೇಲಾದರೂ ಕಾಯಂ ಕೆಲಸ ಸಿಗುತ್ತದೆಯೇ? (ಓದುಗರು, ಕಾರ್ಕಳ)

ಉತ್ತರ: ಮಾಸ್ತರರೇ, ನಿಮ್ಮ ಪ್ರಶ್ನೆಯಲ್ಲಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಮೊದಲ ಮಾತನ್ನು ತಿದ್ದಬೇಕು: ನಿಮ್ಮ ಮಗಳು ಓದಲು ಹೋಗುತ್ತಿಲ್ಲ, ಕೆಲಸಕ್ಕೆ ಹೋಗುತ್ತಿದ್ದಾಳೆ. ಪೋಸ್ಟ್‌ಡಾಕ್‌ಗೆ ಪರೀಕ್ಷೆಯಿಲ್ಲ, ಪದವಿಯಿಲ್ಲ, ಶುಲ್ಕವೂ ಇಲ್ಲ. ಸ್ವೀಡನ್ನಿನ ವಿಶ್ವವಿದ್ಯಾಲಯಗಳಲ್ಲಿ ಅದು ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷಗಳ ಲಿಖಿತ ಕರಾರಿನ ನೌಕರಿ. ಸಂಬಳ, ರಜೆ, ತೆರಿಗೆ ಎಲ್ಲವೂ ಇತರ ನೌಕರರಿಗೆ ಇರುವಂತೆಯೇ ಇರುತ್ತವೆ. ಪಿಎಚ್‌ಡಿ ಪಡೆದು ಮೂರು ವರ್ಷ ಮೀರದವರಿಗೆ ಅಲ್ಲಿ ಆದ್ಯತೆ. ಅವಳಿಗೆ ಆಗಲೇ ಒಂದೂವರೆ ವರ್ಷ ಕಳೆದಿರುವುದರಿಂದ ಇನ್ನೊಂದು ವರ್ಷ ಮನೆಯಲ್ಲಿ ಕೂತು ಯೋಚಿಸೋಣ ಎಂದರೆ ಆ ಬಾಗಿಲು ಮುಚ್ಚುತ್ತ ಬರುತ್ತದೆ.

ಕಾಯಂ ಕೆಲಸದ ಬಗ್ಗೆ ನಿಮಗೆ ಸಮಾಧಾನವಾಗುವ ಮಾತನ್ನಷ್ಟೇ ಹೇಳಿದರೆ ತಪ್ಪಾಗುತ್ತದೆ. ಪೋಸ್ಟ್‌ಡಾಕ್ ಮಾಡಿದವರಿಗೆಲ್ಲ ಕಾಯಂ ಹುದ್ದೆ ಸಿಗುವುದಿಲ್ಲ. ಯುಜಿಸಿಯ 2018ರ ನಿಯಮಗಳಂತೆ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸುವಾಗ ಪಿಎಚ್‌ಡಿಗೆ 30 ಅಂಕ, ಸಂಶೋಧನಾ ಪ್ರಕಟಣೆಗಳಿಗೆ ಗರಿಷ್ಠ 10, ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10 ಅಂಕ ಇದೆ. ಎರಡು ವರ್ಷಕ್ಕೆ ನೇರವಾಗಿ ಸಿಗುವುದು ನಾಲ್ಕೇ ಅಂಕ; ಆದರೆ ಆ ಎರಡು ವರ್ಷಗಳಲ್ಲಿ ಬರುವ ಪೇಪರುಗಳು, ಅಲ್ಲಿನ ಪ್ರಾಧ್ಯಾಪಕರು ಬರೆಯುವ ಶಿಫಾರಸು ಪತ್ರ, ತನ್ನ ಗೈಡ್‌ನ ನೆರಳಿನಿಂದ ಹೊರಗೆ ಬಂದು ಕೆಲಸ ಮಾಡಿದ್ದಾಳೆ ಎಂಬ ಗುರುತು, ಇವು ಎನ್‌ಐಟಿ, ಐಐಟಿಯಂಥ ಸಂಸ್ಥೆಗಳ ಆಯ್ಕೆ ಸಮಿತಿಯ ಎದುರು ಬಹಳ ತೂಗುತ್ತವೆ. ಈ ನಿಯಮಗಳನ್ನು ಬದಲಿಸುವ ಕರಡನ್ನು ಯುಜಿಸಿ 2025ರಲ್ಲಿ ಹೊರತಂದಿದೆ, ಅದರ ಕಡೆಗೂ ಅವಳು ಕಣ್ಣಿಡಲಿ. ಒಂದು ವೇಳೆ ಅವಳ ಮನಸ್ಸು ಸರ್ಕಾರಿ ಕಾಲೇಜಿನ ಕಡೆಗಿದ್ದರೆ ಲೆಕ್ಕ ಬೇರೆ: ಅಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವಂಥ ಸ್ಪರ್ಧಾತ್ಮಕ ಪರೀಕ್ಷೆಯ ಅಂಕವೇ ಮುಖ್ಯ, ಸ್ವೀಡನ್ನಿನ ಅನುಭವದಿಂದ ಅಲ್ಲಿ ಹೆಚ್ಚಿನ ಪ್ರಯೋಜನವಿಲ್ಲ.

ನೀವು ಅವಳನ್ನು ಕೇಳಬೇಕಾದದ್ದು ‘ಇನ್ನೆಷ್ಟು ಓದುತ್ತೀ’ ಎಂದಲ್ಲ, ‘ಎರಡು ವರ್ಷ ಆದ ಮೇಲೆ ಎಲ್ಲೆಲ್ಲಿ ಅರ್ಜಿ ಹಾಕುತ್ತೀ’ ಎಂದು. ಅದಕ್ಕೆ ಅವಳ ಬಳಿ ಉತ್ತರವಿದ್ದರೆ ನಿಶ್ಚಿಂತೆಯಿಂದ ಕಳುಹಿಸಿಕೊಡಿ.

ಪ್ರಶ್ನೆ: ಯುರೋಪಿನ ವಿಶ್ವವಿದ್ಯಾಲಯವೊಂದರ ಪೋಸ್ಟ್‌ಡಾಕ್ ಆಫರ್ ಲೆಟರ್ ಬಂದಿದೆ. ಅರ್ಜಿ ಹಾಕಿದ ನೆನಪಿಲ್ಲ, ಆದರೆ ನನ್ನ ಪೇಪರುಗಳನ್ನು ನೋಡಿ ಆಯ್ಕೆ ಮಾಡಿದ್ದೇವೆ ಎಂದಿದ್ದಾರೆ. ವೀಸಾ ಪ್ರಕ್ರಿಯೆಗೆ 80,000 ರೂಪಾಯಿ ಕಳುಹಿಸಲು ಹೇಳಿದ್ದಾರೆ. ಕಳುಹಿಸಲೇ? (ಓದುಗರು, ಬ್ರಹ್ಮಾವರ)

ಉತ್ತರ: ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಸಂದರ್ಶನವಿಲ್ಲದೆ ಯಾವ ವಿಶ್ವವಿದ್ಯಾಲಯವೂ ಪೋಸ್ಟ್‌ಡಾಕ್ ಹುದ್ದೆ ಕೊಡುವುದಿಲ್ಲ, ಕೊಟ್ಟ ಮೇಲೆ ಅಭ್ಯರ್ಥಿಯಿಂದ ಹಣವನ್ನು ಕೇಳುವುದೂ ಇಲ್ಲ. ವೀಸಾ ಶುಲ್ಕವನ್ನು ನೀವೇ ಆ ದೇಶದ ವೀಸಾ ಕೇಂದ್ರಕ್ಕೆ ನೇರವಾಗಿ ಕಟ್ಟುತ್ತೀರಿ, ಮಧ್ಯದಲ್ಲಿ ಯಾರೂ ಬರುವುದಿಲ್ಲ. ಆ ಪತ್ರದಲ್ಲಿ ಹೆಸರಿರುವ ಪ್ರಾಧ್ಯಾಪಕರ ಇಮೇಲ್ ವಿಳಾಸವನ್ನು ವಿಶ್ವವಿದ್ಯಾಲಯದ ಅಧಿಕೃತ ಪುಟದಿಂದ ತೆಗೆದು ಅವರಿಗೇ ಬರೆದು ಕೇಳಿ. ಈಗಾಗಲೇ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ.

ಪ್ರಶ್ನೆ: ಪಿಎಚ್‌ಡಿ ಸಮಯದಲ್ಲಿ ಅಕ್ಟೋಬರ್ 2022ರಿಂದ ನವೆಂಬರ್ 2023ರವರೆಗೆ 14 ತಿಂಗಳು ಜರ್ಮನಿಯ ಪ್ರಯೋಗಾಲಯವೊಂದರಲ್ಲಿದ್ದೆ. ಅದೇ ಪ್ರಾಧ್ಯಾಪಕರ ಜತೆ ಸೆಪ್ಟೆಂಬರ್ 2025ರಲ್ಲಿ ಮಾರಿ ಕ್ಯೂರಿ ಫೆಲೋಶಿಪ್‌ಗೆ ಅರ್ಜಿ ಹಾಕಿದಾಗ ಅನರ್ಹ ಎಂದರು. ಏಕೆ? (ಓದುಗರು, ಸುರತ್ಕಲ್)

ಉತ್ತರ: ಐರೋಪ್ಯ ಒಕ್ಕೂಟದ ಈ ಫೆಲೋಶಿಪ್‌ನಲ್ಲಿ ಒಂದು ನಿಯಮವಿದೆ: ಅರ್ಜಿಯ ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ, ಹೋಗಲಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸವಾಗಿರಬಾರದು. ಸಂಶೋಧಕರು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬೇಕೆಂಬುದೇ ಆ ಯೋಜನೆಯ ಉದ್ದೇಶ. ಸೆಪ್ಟೆಂಬರ್ 2025ರಿಂದ 36 ತಿಂಗಳು ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ 2022 ಬರುತ್ತದೆ. ನಿಮ್ಮ 14 ತಿಂಗಳು ಪೂರ್ತಿಯಾಗಿ ಆ ಅವಧಿಯೊಳಗೇ ಬಿದ್ದವು. ಸೆಪ್ಟೆಂಬರ್ 2026ರ ಕರೆಗೆ ಎಣಿಸಿದರೆ ಲೆಕ್ಕಕ್ಕೆ ಬರುವುದು 2023ರ ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ದಿನಗಳು ಮಾತ್ರ, ಆಗ ಅದೇ ಪ್ರಾಧ್ಯಾಪಕರ ಜತೆಗೇ ಹಾಕಬಹುದು. ಆ ಸಲವೇ ಹೋಗಬೇಕೆಂದಿದ್ದರೆ ಫ್ರಾನ್ಸ್ ಅಥವಾ ನೆದರ್ಲ್ಯಾಂಡ್ಸ್‌ನಂಥ ಬೇರೆ ದೇಶದ ಆತಿಥೇಯರನ್ನು ಹಿಡಿಯಬಹುದಿತ್ತು, ಏಕೆಂದರೆ ನಿಯಮವು ಹೋಗಲಿರುವ ದೇಶವನ್ನಷ್ಟೇ ನೋಡುತ್ತದೆ. ಜರ್ಮನಿಯೇ ಬೇಕೆಂದರೆ ಹಂಬೋಲ್ಟ್ ಫೌಂಡೇಶನ್ನಿನ ಫೆಲೋಶಿಪ್ ಇದೆ. ಪಿಎಚ್‌ಡಿಯಾಗಿ ನಾಲ್ಕು ವರ್ಷದೊಳಗಿನವರಿಗೆ 6ರಿಂದ 24 ತಿಂಗಳ ಅವಧಿಗೆ ಸಿಗುತ್ತದೆ. ಅದಕ್ಕೂ ಅದರದೇ ವಾಸದ ಷರತ್ತುಗಳಿವೆ, ಅರ್ಜಿ ತುಂಬುವ ಮೊದಲು ನಿಮ್ಮ ಪಾಸ್‌ಪೋರ್ಟಿನ ಮುದ್ರೆಗಳನ್ನು ಎದುರಿಗಿಟ್ಟುಕೊಂಡು ಓದಿ.

ಪ್ರಶ್ನೆ: ತುಳುವಿನ ಮೌಖಿಕ ಕಾವ್ಯಗಳಾದ ಪಾಡ್ದನಗಳ ಮೇಲೆ ಪಿಎಚ್‌ಡಿ ಮಾಡಿದ್ದೇನೆ. ಪೋಸ್ಟ್‌ಡಾಕ್ ಎಂಬುದು ವಿಜ್ಞಾನದವರಿಗೆ ಮಾತ್ರವೇ? ಕನ್ನಡ, ತುಳು ಓದಿದವರಿಗೆ ಏನೂ ಇಲ್ಲವೇ? (ಓದುಗರು, ಬೆಳ್ತಂಗಡಿ)

ಉತ್ತರ: ಇದೆ, ಆದರೆ ಕಡಿಮೆ. ಭಾರತೀಯ ಸಮಾಜ ವಿಜ್ಞಾನ ಸಂಶೋಧನ ಮಂಡಳಿ, ಅಂದರೆ ಐಸಿಎಸ್‌ಎಸ್‌ಆರ್, ಎರಡು ವರ್ಷಗಳ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಕೊಡುತ್ತದೆ. ನಿಮ್ಮ ವಿಷಯವನ್ನು ಸಮಾಜ, ಜಾತಿ, ಆರಾಧನೆ, ಭೂಸಂಬಂಧಗಳ ಕಡೆಯಿಂದ ಕಟ್ಟಿಕೊಟ್ಟರೆ ಅದಕ್ಕೆ ಹೊಂದುತ್ತದೆ. ಯುಜಿಸಿಯು 2022ರ ಸೆಪ್ಟೆಂಬರ್ 5ರಂದು ಪ್ರಕಟಿಸಿದ ಡಾ. ರಾಧಾಕೃಷ್ಣನ್ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ನ ವ್ಯಾಪ್ತಿಯಲ್ಲಿ ಭಾರತೀಯ ಭಾಷೆಗಳೂ ಸೇರಿವೆ. ಯುಜಿಸಿಯ ಕರೆಗಳು ಪ್ರತಿ ವರ್ಷ ಒಂದೇ ತಿಂಗಳಿಗೆ ಬರುವುದಿಲ್ಲವಾದ್ದರಿಂದ ಅದರ ಜಾಲತಾಣವನ್ನು ಆಗಾಗ ನೋಡುತ್ತಿರಬೇಕು.

ನಿಮ್ಮ ಪತ್ರದ ಧಾಟಿಯಲ್ಲಿ ಒಂದು ಸಂಕೋಚ ಕಂಡಿತು, ಅದು ಬೇಡ. ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ದಾಖಲಿಸಲು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ನಿಮ್ಮ ತಾಲೂಕಿಗೇ ಬಂದರು. ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಸಹಯೋಗದಲ್ಲಿ 15,683 ಸಾಲುಗಳ ಆ ಪಾಡ್ದನ 1998ರಲ್ಲಿ ಫಿನ್ಲೆಂಡಿನಲ್ಲಿ ಅಚ್ಚಾಯಿತು. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು ಸಿದ್ಧವಾಯಿತು. ಜರ್ಮನಿಯ ವೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಹೈಡ್ರುನ್ ಬ್ರೂಕ್ನರ್ ಅವರು ತುಳು ಪಾಡ್ದನಗಳ ಮೇಲೆ ದುಡಿದರು. ಅಲ್ಲಿಯ ವಿದ್ವಾಂಸರು ಹಣ, ಕಾಲ ವ್ಯಯಿಸಿ ಅರಸಿಕೊಂಡು ಬಂದದ್ದು ನಿಮ್ಮ ಅಜ್ಜಿಯ ಬಾಯಲ್ಲಿ ಇದ್ದಿರಬಹುದು. ನಿಮ್ಮ ಹತ್ತಿರ ಕ್ಷೇತ್ರಕಾರ್ಯದ ಧ್ವನಿಮುದ್ರಿಕೆಗಳು ನೂರಾರು ಗಂಟೆ ಇವೆಯೆಂದು ಬರೆದಿದ್ದೀರಿ. ಅವುಗಳನ್ನು ಹಾಡಿದವರ ಊರು, ದಿನಾಂಕ, ಸಂದರ್ಭ ಸಹಿತ ಅಚ್ಚುಕಟ್ಟಾಗಿ ಪಟ್ಟಿ ಮಾಡಿ, ಹಾಡಿದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿಡಿ, ಹತ್ತು ನಿಮಿಷದ ಒಂದು ಭಾಗಕ್ಕೆ ಲಿಪ್ಯಂತರವನ್ನೂ ಇಂಗ್ಲಿಷ್ ಅನುವಾದವನ್ನೂ ಸಿದ್ಧಪಡಿಸಿ. ವಿಜ್ಞಾನದವರು ಪೇಪರ್ ಕಳುಹಿಸುವ ಕಡೆ ನೀವು ಇದನ್ನು ಕಳುಹಿಸಬೇಕು. ಇಂಗ್ಲಿಷಿನಲ್ಲಿ ಒಂದಾದರೂ ಲೇಖನ ಪ್ರಕಟವಾಗದೆ ಹೊರದೇಶದ ಅರ್ಜಿ ಹಾಕುವುದು ಕಷ್ಟ, ಅದನ್ನು ಈ ವರ್ಷವೇ ಮಾಡಿ ಮುಗಿಸಿ.

ಪ್ರಶ್ನೆ: ಜೀವರಸಾಯನ ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ಮದುವೆ, ಮಗು ಎಂದು ಆರು ವರ್ಷ ಮನೆಯಲ್ಲಿದ್ದೆ. ಈಗ 38. ಪತಿ ಗಲ್ಫ್‌ನಲ್ಲಿದ್ದಾರೆ, ಅತ್ತೆಯವರು ಮಗುವನ್ನು ನೋಡಿಕೊಳ್ಳುತ್ತೇನೆ ಎನ್ನುತ್ತಾರೆ, ಆದರೆ ಉಡುಪಿ ಬಿಟ್ಟು ದೂರ ಹೋಗಲಾಗದು. ತಡವಾಯಿತೇ? (ಓದುಗರು, ಉಡುಪಿ)

ಉತ್ತರ: ತಡವಾಗಿಲ್ಲ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಡಿಬಿಟಿ-ಆರ್‌ಎ ಯೋಜನೆಯಲ್ಲಿ ಮಹಿಳೆಯರಿಗೆ ವಯೋಮಿತಿ 45. ಇದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸಂಯೋಜಿಸುತ್ತದೆ. ನ್ಯಾಷನಲ್ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ನಲ್ಲಿಯೂ ಮಹಿಳೆಯರಿಗೆ ಐದು ವರ್ಷದ ಸಡಿಲಿಕೆಯಿರುವುದರಿಂದ 40ರವರೆಗೆ ದಾರಿ ತೆರೆದಿದೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಕಾರ್ಯಕ್ರಮದಲ್ಲಿ ಮಹಿಳೆಯರಿಗೆಂದೇ ಇರುವ ವೈಸ್-ಪಿಡಿಎಫ್‌ನ ವಯೋಮಿತಿ ಇವೆರಡಕ್ಕಿಂತಲೂ ಸಡಿಲ. ಮೂರರಲ್ಲಿ ನಿಮಗೆ ಹೆಚ್ಚು ಒಗ್ಗುವುದು ಅದೇ ಎಂದು ನನ್ನ ಅಭಿಪ್ರಾಯ. ದೂರ ಹೋಗಬೇಕಾಗಿಯೂ ಇಲ್ಲ. ನಿಮ್ಮ ವಿಷಯದ ಪ್ರಯೋಗಾಲಯಗಳು ಮಣಿಪಾಲದಲ್ಲೇ ಇವೆ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳಬಹುದು.

ಆರು ವರ್ಷದ ವಿರಾಮವನ್ನು ಸಿವಿಯಲ್ಲಿ ಮುಚ್ಚಿಡಬೇಡಿ. ಇಂಥ ವರ್ಷದಿಂದ ಇಂಥ ವರ್ಷದವರೆಗೆ ಶಿಶುಪಾಲನೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿ. ಬೇಡದ ವಿವರಣೆ, ಕ್ಷಮೆ ಯಾವುದೂ ಬೇಕಾಗಿಲ್ಲ. ನಿಜವಾದ ತೊಡಕು ಇರುವುದು ಕೆಲಸದ ಪದ್ಧತಿ ಹಳತಾಗಿರುವುದರಲ್ಲಿ. ನೀವು ಕಲಿತ ವಿಧಾನಗಳಲ್ಲಿ ಕೆಲವು ಈಗ ಬಳಕೆಯಲ್ಲಿಲ್ಲ, ಮಾಹಿತಿ ವಿಶ್ಲೇಷಣೆಗೆ ಆರ್ ಅಥವಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ತಿಳಿದಿರುವುದನ್ನು ಎಲ್ಲರೂ ನಿರೀಕ್ಷಿಸುತ್ತಾರೆ. ಮಗು ಶಾಲೆಗೆ ಹೋಗುವ ಹೊತ್ತಿನಲ್ಲಿ ದಿನಕ್ಕೆ ಎರಡು ಗಂಟೆಯಂತೆ ಮೂರು ತಿಂಗಳು ಕೂತರೆ ಒಂದು ಮಟ್ಟಕ್ಕೆ ಬರುತ್ತದೆ. ನಿಮ್ಮ ಪ್ರಬಂಧದಲ್ಲಿ ಪ್ರಕಟವಾಗದೆ ಉಳಿದ ಒಂದು ಅಧ್ಯಾಯವಿದೆ ಎಂದಿದ್ದೀರಿ; ಹಳೆಯ ಗೈಡ್‌ಗೆ ಫೋನ್ ಮಾಡಿ, ಅದನ್ನು ಜತೆಯಾಗಿ ಪೇಪರ್ ಮಾಡೋಣವೇ ಎಂದು ಕೇಳಿ. ಆರು ವರ್ಷದ ಬಳಿಕ ಮಾತಾಡಿಸಲು ಹಿಂಜರಿಕೆ ಇರುತ್ತದೆ, ಆದರೆ ವಿದ್ಯಾರ್ಥಿನಿ ಮರಳಿ ಬಂದಳೆಂದು ಬೇಸರಿಸುವ ಗೈಡ್‌ರನ್ನು ನಾನು ಕಂಡಿಲ್ಲ. ಮಣಿಪಾಲದಲ್ಲಿ ಇಬ್ಬರು ಪ್ರಾಧ್ಯಾಪಕರನ್ನು ಗುರುತಿಸಿ, ಮೊದಲು ಪತ್ರ ಬರೆದು ಸಮಯ ಕೇಳಿಕೊಂಡು, ಆಮೇಲೆ ಕಾಣಲು ಹೋಗಿ. ಹೋಗುವಾಗ ಪಿಎಚ್‌ಡಿ ಪ್ರಮಾಣಪತ್ರದ ಫೈಲನ್ನು ಮನೆಯಲ್ಲೇ ಬಿಟ್ಟು, ಆ ಅಧ್ಯಾಯದ ಮುಖ್ಯ ಚಿತ್ರಗಳೆರಡನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಒಯ್ಯಿರಿ. ಮಾತು ಅಲ್ಲಿಂದಲೇ ಶುರುವಾಗಲಿ.